ಅಂದ್ರೆ ಅಕ್ಕ

ಆಸ್ಪತ್ರೆಯ ಲಾಂಡ್ರಿಯಲ್ಲಿ ನಮ್ಮ ಅತ್ತೆಗೆ ‘ಅಂದ್ರೆ ಅಕ್ಕ’ ಅಂತ ಹೆಸರು ಬಿದ್ದಿತ್ತು. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬರುವ ಮಾತು “ಅಂದ್ರೆ?” ಅಂತ. “ಅಕ್ಕಾ, ಆ ಗಂಟು ಸ್ವಲ್ಪ ಆಚೆ ಇಡು” ಅಂದರೆ, “ಆಚೆ ಅಂದ್ರೆ? ಬಾಗಿಲಿಂದ ಆಚೆಯಾ, ಮೇಜಿಂದ ಆಚೆಯಾ?” “ನಾಳೆ ಬೇಗ ಬಾ” ಅಂದರೆ, “ಬೇಗ ಅಂದ್ರೆ ಎಷ್ಟು ಹೊತ್ತಿಗೆ?” ಹೊಸಬರಿಗೆ ಇದು ತಲೆನೋವು, ಹಳಬರಿಗೆ ತಮಾಷೆ.

ಅತ್ತೆ ಹುಟ್ಟಿನಿಂದ ಹೀಗಿದ್ದವಳಲ್ಲ. ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, ಉಳಿದರ್ಧ ತಾನೇ ತುಂಬಿಕೊಂಡು, ಕೆಲಸಕ್ಕೆ ಓಡುವವರ ಪೈಕಿ ಅವಳು. ಸಕ್ಕರೆ ತಾ ಅಂದರೆ ಉಪ್ಪೂ ತಂದಿಟ್ಟು, ಹೇಗೂ ಬೇಕಾಗುತ್ತಲ್ಲ ಅನ್ನುತ್ತಿದ್ದಳು. ಅವಳ ಸ್ವಭಾವ ಬದಲಾದದ್ದು ನನ್ನ ಅಮ್ಮನ ಕೈ ಶೀಟು ಇಸ್ತ್ರಿ ಮಾಡುವ ರೋಲರ್‌ಗೆ ಸಿಕ್ಕಿದ ಮೇಲೆ. ಸ್ವಿಚ್ ಒತ್ತಿದವಳು ಅತ್ತೆ.

ಅವಳು ಅಪ್ಪನ ಒಬ್ಬಳೇ ತಂಗಿ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕು ಕಮ್ಮಿಯಾಗುವಷ್ಟು ಗಾತ್ರದ ಹೆಂಗಸು, ಆದರೂ ಪುಟ್ಟಿ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆ ಹೊತ್ತುಕೊಂಡು ಅಣ್ಣನ ಮನೆಗೆ ಬಂದಳು. ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಅಜ್ಜಿ, ಅಪ್ಪ, ಅಮ್ಮ, ನಾನು ಅಷ್ಟರಲ್ಲೇ ಮೊಣಕೈ ತಾಗಿಸಿಕೊಂಡು ಇದ್ದೆವು. ಅತ್ತೆ ಬಂದ ಮೇಲೆ ನಾನೂ ಅವಳೂ ಅಡುಗೆಮನೆಯಲ್ಲಿ ಮಲಗತೊಡಗಿದೆವು.

ಸುಮ್ಮನೆ ಕೂತು ಉಣ್ಣುವವಳಲ್ಲ ಅವಳು. ಅಮ್ಮ ಆಗಲೇ ಲಾಂಡ್ರಿಯಲ್ಲಿ ಹಳಬಳು. ಸೂಪರ್‌ವೈಸರ್ ಹತ್ತಿರ ಮಾತಾಡಿ ನಾದಿನಿಗೂ ಅಲ್ಲೇ ಕೆಲಸ ಕೊಡಿಸಿದಳು. “ನನ್ನ ಜೊತೆಗೇ ಹಾಕಿ ಸಾರ್, ಮನೇಲಿ ಹೇಗೂ ನನ್ನ ಮಾತು ಕೇಳ್ತಾಳೆ” ಅಂದಿದ್ದಳಂತೆ.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ನಾನು ಶಾಲೆ ಬಿಟ್ಟ ಮೇಲೆ ಮನೆ ಬೀಗದ ಕೈಗಾಗಿ ಅಲ್ಲಿಗೆ ಹೋಗುತ್ತಿದ್ದೆ. ಮೆಟ್ಟಿಲಿಳಿಯುವಾಗಲೇ ಬಿಸಿ ಮುಖಕ್ಕೆ ಬಡಿಯುತ್ತಿತ್ತು; ಒದ್ದೆ ಬಟ್ಟೆ, ಸೋಪು, ಕಾದ ಹತ್ತಿಯ ವಾಸನೆ. ಒಂದು ಪಕ್ಕ ಒಗೆಯುವ ಮಷಿನ್‌ಗಳು, ನಡುವೆ ನೀರು ಹಿಂಡುವ ಮಷಿನ್. ಅದು ತಿರುಗತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಕೊನೆಯಲ್ಲಿ ರೋಲರ್. ಮಂಚದಷ್ಟು ಅಗಲದ ಉರುಳೆ ಕಾದ ತಗಡಿನ ಮೇಲೆ ಉರುಳುತ್ತಿತ್ತು. ಈ ಪಕ್ಕದಿಂದ ಒಬ್ಬಳು ಒದ್ದೆ ಬೆಡ್‌ಶೀಟು ಕೊಡಬೇಕು, ಆ ಪಕ್ಕ ಇನ್ನೊಬ್ಬಳು ಇಸ್ತ್ರಿಯಾಗಿ ಬಂದದ್ದನ್ನು ಹಿಡಿದು ಮಡಿಸಬೇಕು. ಇಬ್ಬರ ನಡುವೆ ಹಬೆ ಎಳೆಯುವ ದೊಡ್ಡ ಮುಚ್ಚಳ ಇದ್ದದ್ದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಸ್ವಿಚ್ ಇದ್ದದ್ದು ಕೊಡುವವಳ ಕಡೆ. ಅಲ್ಲಿ ಅತ್ತೆ. ಮಡಿಸುವ ಕಡೆ ಅಮ್ಮ.

ಈ ಮುಚ್ಚಳದ ಮೇಲಿಂದ ಇಬ್ಬರೂ ದಿನವಿಡೀ ಕೂಗಿಕೊಂಡು ಮಾತಾಡುತ್ತಿದ್ದರು. ಸಂಜೆ ಮನೆಗೆ ಬಂದರೂ ದನಿ ಇಳಿಯುತ್ತಿರಲಿಲ್ಲ. “ನಾವೇನು ಕಿವುಡರಾ? ಉಪ್ಪು ಕೇಳೋಕೆ ಊರಿಗೇ ಡಂಗುರ ಹೊಡೀತೀರಲ್ಲ” ಅಂತ ಅಜ್ಜಿ ಗೊಣಗುತ್ತಿದ್ದಳು.

ಅಮ್ಮನಿಗೆ ಒಂದು ಮಾತು ಅಭ್ಯಾಸ: ‘ಆಯ್ತು’. ತುಂಬಿದ ಮನೆಯಲ್ಲಿ ದೊಡ್ಡ ಮಗಳಾಗಿ ಬೆಳೆದವಳು. ನಾಲ್ಕು ಕಡೆಯಿಂದ ನಾಲ್ಕು ಜನ ಕೆಲಸ ಹೇಳುವಾಗ ಎಲ್ಲರಿಗೂ ಒಂದೇ ಉತ್ತರ, ಆಯ್ತು. ಅಂದರೆ, ನೀನು ಹೇಳಿದ್ದು ಕಿವಿಗೆ ಬಿತ್ತು, ಮಾಡ್ತೀನಿ. “ಇವಳು ಆಯ್ತು ಅಂದ್ರೆ ಇನ್ನೂ ಒಲೆ ಹಚ್ಚಿಲ್ಲ ಅಂತ” ಅನ್ನುತ್ತಿದ್ದಳು ಅಜ್ಜಿ. ಅತ್ತೆಯ ‘ಆಯ್ತು’ ಬೇರೆ. ಕೆಲಸ ಮುಗಿದು ಕೈ ಒರೆಸಿಕೊಂಡ ಮೇಲೆಯೇ ಅವಳು ಆಯ್ತು ಅನ್ನುವುದು. ಮನೆಯಲ್ಲಿ ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ. ಒಲೆ ಹಚ್ಚಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದಲ್ಲ.

ಆ ದಿನ ಆಪರೇಷನ್ ಕೋಣೆಯಿಂದ ಶೀಟುಗಳಿಗಾಗಿ ಮೇಲಿಂದ ಮೇಲೆ ಜನ ಬರುತ್ತಿದ್ದರು. ಸೂಪರ್‌ವೈಸರ್ ಹಿಂದೆ ನಿಂತು ಬೇಗ ಬೇಗ ಅನ್ನುತ್ತಿದ್ದ. ಆಗಲೇ ಒಂದು ಶೀಟು ಉರುಳೆಗೆ ಸುತ್ತಿಕೊಂಡಿತು. ಅತ್ತೆ ಸ್ವಿಚ್ ಆರಿಸಿದಳು. ಅಮ್ಮ ಆ ಪಕ್ಕದಿಂದ ಕೈ ಹಾಕಿ ಬಟ್ಟೆ ಬಿಡಿಸತೊಡಗಿದಳು. ಕೈ ಹತ್ತಿರ ಬಂದರೆ ಮಷಿನ್ ನಿಲ್ಲಿಸಲೆಂದೇ ಒಂದು ಅಡ್ಡಪಟ್ಟಿ ಇರುತ್ತದೆ. ದಪ್ಪ ಬಟ್ಟೆ ಬಂದಾಗಲೆಲ್ಲ ಅದು ತಾನಾಗಿ ಮಷಿನ್ ನಿಲ್ಲಿಸಿಬಿಡುತ್ತದೆ ಅಂತ ಅದನ್ನು ಯಾರೋ ಎಂದೋ ಮೇಲೆತ್ತಿ ಕಟ್ಟಿದ್ದರು.

“ಅತ್ತಿಗೆ, ಬೇಗ! ಆಯ್ತಾ?” ಅಂತ ಅತ್ತೆ ಕೂಗಿದಳು.

ಅಷ್ಟರಲ್ಲಿ ಹಿಂಡುವ ಮಷಿನ್ ಶುರುವಾಗಿತ್ತು. ಅಮ್ಮನಿಗೆ ಕೇಳಿಸಿದ್ದು ‘ಬೇಗ’ ಅನ್ನುವುದು ಮಾತ್ರ.

“ಆಯ್ತು” ಅಂದಳು ಅಮ್ಮ.

ಅತ್ತೆ ಸ್ವಿಚ್ ಒತ್ತಿದಳು.

ಲಾಂಡ್ರಿಯ ಹೆಂಗಸರೇ ಅಮ್ಮನನ್ನು ಬಟ್ಟೆ ತಳ್ಳುವ ಗಾಡಿಯಲ್ಲಿ ಕೂರಿಸಿ ಲಿಫ್ಟ್‌ನಲ್ಲಿ ಮೇಲೆ ಒಯ್ದರು. ಆಸ್ಪತ್ರೆಯ ಒಳಗೇ ಆದದ್ದರಿಂದ ಡಾಕ್ಟರು ಸಿಗುವುದು ತಡವಾಗಲಿಲ್ಲ. ಬಲಗೈಯ ಕಿರುಬೆರಳು, ಅದರ ಪಕ್ಕದ್ದು, ಎರಡನ್ನೂ ತೆಗೆಯಬೇಕಾಯಿತು. ಅಂಗೈ ಸುಟ್ಟಿತ್ತು, ಉಳಿದ ಬೆರಳುಗಳು ಮುಂದೆ ಪೂರ್ತಿ ಮಡಚಲಿಲ್ಲ. ಅತ್ತೆ ಆ ಸಂಜೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅಪ್ಪ ಬಂದ, ಅವಳನ್ನು ನೋಡಿದ, ಒಂದು ಮಾತೂ ಆಡದೆ ಒಳಗೆ ಹೋದ. ನನ್ನ ಕೈ ಹಿಡಿದುಕೊಂಡಿದ್ದ. ನಾನು ತಿರುಗಿ ನೋಡಿದಾಗ ಅತ್ತೆ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದಳು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮೆಲುದನಿಯ, ಸಭ್ಯ ಮನುಷ್ಯ. ಮೊದಲು ಲಾಂಡ್ರಿಯಲ್ಲಿ ಅತ್ತೆಯನ್ನು ಕೇಳಿದರು.

“ನೀವು ಏನು ಕೇಳಿದ್ರಿ?”

“ಆಯ್ತಾ ಅಂತ ಕೇಳಿದೆ.”

“ಅವರು ಏನಂದ್ರು?”

“ಆಯ್ತು ಅಂದ್ರು. ಅದಕ್ಕೇ ಒತ್ತಿದೆ.”

ಆಮೇಲೆ ವಾರ್ಡಿಗೆ ಬಂದು ಅಮ್ಮನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು. ನಾನು ಅಲ್ಲೇ ಇದ್ದೆ.

“ನೀವು ಆಯ್ತು ಅಂದದ್ದು ಹೌದಾ?”

“ಹೌದು.”

“ಕೈ ಒಳಗಿತ್ತಲ್ಲಮ್ಮ?”

“ಇತ್ತು.”

“ಮತ್ತೆ ಯಾಕೆ ಹಾಗಂದ್ರಿ?”

“ಬೇಗ ಅಂದ್ಲು. ಆಯ್ತು ಅಂದೆ. ಇನ್ನೇನು ಅನ್ಬೇಕು?”

ಆತ ಬರೆಯುತ್ತಿದ್ದ ಪೆನ್ನು ಮುಚ್ಚಿದರು. “ಇಬ್ಬರೂ ನಿಜಾನೇ ಹೇಳ್ತಿದ್ದೀರಿ” ಅಂದರು. “ಒಬ್ಬರಾದರೂ ಸುಳ್ಳು ಹೇಳಿದ್ರೆ ನನ್ನ ಕೆಲಸ ಸುಲಭ ಇರ್ತಿತ್ತು.”

ಕೊನೆಗೆ ಅವರು ಕಟ್ಟಿಹಾಕಿದ್ದ ಅಡ್ಡಪಟ್ಟಿಯನ್ನೇ ಕಾರಣ ಅಂತ ಹಿಡಿದುಕೊಂಡರು. ಸೂಪರ್‌ವೈಸರ್‌ಗೆ ಎಚ್ಚರಿಕೆ ಕೊಟ್ಟರು, ಪಟ್ಟಿ ಕೆಳಗಿಳಿಸಿದರು. ಅಮ್ಮನಿಗೆ ಮೇಲಿನ ಬಟ್ಟೆ ಕೋಣೆಯಲ್ಲಿ, ವಾರ್ಡುಗಳಿಗೆ ಶೀಟು ಕೊಡುವ ಹಗುರ ಕೆಲಸ ಸಿಕ್ಕಿತು. ಅತ್ತೆಯ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೇ ಅವಳಿಗೆ ಹಗುರವಾಗುತ್ತಿತ್ತೇನೋ ಅಂತ ನನಗೆ ಈಗ ಅನ್ನಿಸುತ್ತದೆ.

ಮನೆಯಲ್ಲಿ ಅಪ್ಪ ತಂಗಿಯ ಜೊತೆ ಮಾತು ಬಿಟ್ಟ. ಏನಾದರೂ ಹೇಳಬೇಕಿದ್ದರೆ ನನ್ನ ಮೂಲಕ. “ನಿನ್ನ ಅತ್ತೆಗೆ ಹೇಳು, ಮನೆ ಮಾಲೀಕರು ಬಾಡಿಗೆಗೆ ಬಂದಿದ್ರು ಅಂತ.” ಅತ್ತೆ ಎದುರಿಗೇ ಇರುತ್ತಿದ್ದಳು. ಅಜ್ಜಿಗೆ ಒಂದು ಕಡೆ ಮಗಳು, ಇನ್ನೊಂದು ಕಡೆ ಸೊಸೆ. ಎತ್ತಲೂ ಹೊರಳದೆ ಸುಮ್ಮನೆ ತರಕಾರಿ ಹೆಚ್ಚುತ್ತಿದ್ದಳು. ಅಮ್ಮನ ಮುಡಿ ಕಟ್ಟುವುದು, ಬಟ್ಟೆಗೆ ಗುಂಡಿ ಹಾಕುವುದು, ಮಾತ್ರೆ ಬಿಡಿಸಿ ಕೊಡುವುದು, ಎಲ್ಲ ಅತ್ತೆಯೇ. ಅವಳು ಪ್ರತಿ ಸಲ ಕೇಳುತ್ತಿದ್ದಳು: “ಅತ್ತಿಗೆ, ತುಂಬಾ ನೋವಿದೆಯಾ?” ಅಮ್ಮ ಪ್ರತಿ ಸಲ ಅನ್ನುತ್ತಿದ್ದಳು: “ಪರವಾಗಿಲ್ಲ.”

ಆ ‘ಪರವಾಗಿಲ್ಲ’ವನ್ನು ಅತ್ತೆ ಒಂದೊಂದಾಗಿ ಕೂಡಿಟ್ಟುಕೊಂಡಳು ಅಂತ ಕಾಣುತ್ತದೆ. ದಿನ ಕಳೆದಂತೆ ಅವಳ ಮುಖ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಂಡಿತು. ಮಹಡಿ ಮೆಟ್ಟಿಲಲ್ಲಿ ಪಕ್ಕದ ಮನೆಯವರ ಜೊತೆ ನಿಂತು ಮಾತಾಡತೊಡಗಿದಳು. ಒಂದು ಸಂಜೆ ಊಟಕ್ಕೆ ಕೂತಾಗ ಅಜ್ಜಿ ತನ್ನ ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯೆಲ್ಲ ಹುಡುಕಿದ ಕತೆ ಬಂತು. ಅತ್ತೆ ನಕ್ಕಳು. ಮೊದಲಿನ ಹಾಗೆ, ಗೋಡೆ ನಡುಗುವ ಹಾಗೆ ನಕ್ಕಳು.

ಅಮ್ಮ ಎಡಗೈಯಲ್ಲಿ ಹಿಡಿದಿದ್ದ ಚಮಚ ಕೆಳಗಿಟ್ಟಳು.

“ಸುಮ್ಮನಿರ್ತೀಯಾ ಸ್ವಲ್ಪ?”

ಅತ್ತೆಯ ನಗು ಅರ್ಧಕ್ಕೇ ನಿಂತಿತು. “ಯಾಕತ್ತಿಗೆ? ಏನಾಯ್ತು?”

“ಏನಾಯ್ತಾ?”

“ನೀವೇ ಪರವಾಗಿಲ್ಲ ಅಂದ್ರಲ್ಲ. ದಿನಾ ಅಂತಿದ್ರಿ. ನಾನು ಅಂದ್ಕೊಂಡೆ…”

“ನಾನು ಪರವಾಗಿಲ್ಲ ಅಂದದ್ದು ಕೈಗೆ ಪುಟ್ಟಿ” ಅಂದಳು ಅಮ್ಮ. “ನಿನಗಲ್ಲ.”

ಅಪ್ಪ ತಟ್ಟೆ ನೋಡುತ್ತಿದ್ದ. ಅತ್ತೆ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಬಂತು. ತೊಳೆಯಲು ಅಷ್ಟೊಂದು ಪಾತ್ರೆಗಳೇ ಇರಲಿಲ್ಲ.

ಅವಳ ‘ಅಂದ್ರೆ’ ಶುರುವಾದದ್ದು ಆ ಊಟದ ಮಾರನೆಯ ಬೆಳಿಗ್ಗೆ. ಅಮ್ಮ, “ಬರುವಾಗ ಸ್ವಲ್ಪ ಬ್ರೆಡ್ ತಗೊಂಡು ಬಾ” ಅಂದಾಗ ಅತ್ತೆ ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು. “ಸ್ವಲ್ಪ ಅಂದ್ರೆ ಎಷ್ಟು ಅತ್ತಿಗೆ?” ಕುಚೋದ್ಯ ಅಂದುಕೊಂಡು ಅಮ್ಮ ಮುಖ ಸಿಂಡರಿಸಿದಳು. ಅತ್ತೆ ಕಾಯುತ್ತ ನಿಂತೇ ಇದ್ದಳು. “ಒಂದು. ದೊಡ್ಡದು” ಅಂದಳು ಅಮ್ಮ ಕೊನೆಗೆ.

ಲಾಂಡ್ರಿಗೆ ವಾಪಸು ಹೋದವಳು ಸ್ವಿಚ್ ಮುಟ್ಟುವುದಿಲ್ಲ ಅಂದಳು. ಮಡಿಸುವ ಕಡೆ, ಅಮ್ಮ ನಿಲ್ಲುತ್ತಿದ್ದ ಜಾಗವನ್ನೇ ಕೇಳಿ ಹಾಕಿಸಿಕೊಂಡಳು. ಅಲ್ಲಿ ನಿಂತು ಸ್ವಿಚ್ ಕಡೆಯಿಂದ ಬರುವ ಕೂಗು ಹೇಗೆ ಕೇಳಿಸುತ್ತದೆ ಅಂತ ಕಿವಿಗೊಟ್ಟಳು. ಅರ್ಧ ಮಾತು ಮುಚ್ಚಳಕ್ಕೆ ಬಡಿದು ಅಲ್ಲೇ ಉಳಿಯುತ್ತಿತ್ತು. ಬಂದ ಅರ್ಧಕ್ಕೆ ತಾವೇ ಏನೋ ಒಂದು ಅರ್ಥ ಹಚ್ಚಿಕೊಂಡು ಎಲ್ಲರೂ ಕೆಲಸ ಮಾಡುತ್ತಿದ್ದರು.

ಆಗ ಅವಳಿಗೆ ಜೊತೆಯಾದವನು ಬಾಯ್ಲರ್ ನೋಡಿಕೊಳ್ಳುವ ಮುದುಕ. ನಾವೆಲ್ಲ ಬಾಯ್ಲರ್ ತಾತ ಅನ್ನುತ್ತಿದ್ದೆವು. ಟೀ ಕುಡಿಯುವಾಗ ಅತ್ತೆ ಅವನನ್ನು ಕೇಳಿದಳು, “ತಾತ, ಯಾರಾದ್ರೂ ನಿಮಗೆ ಹಬೆ ಹಾಕಿ ಅಂದ್ರೆ ಏನು ಮಾಡ್ತೀರಿ?”

“ವಾಲ್ವ್ ತೆಗೀತೀನಿ.”

“ವಾಲ್ವ್ ಹಾಕಿ ಅಂದ್ರೆ?”

“ವಾಲ್ವ್ ಮುಚ್ತೀನಿ.”

“ಮತ್ತೆ ಬರೀ ‘ಹಾಕಿ’ ಅಂದ್ರೆ?”

ತಾತ ಲೋಟ ಕೆಳಗಿಟ್ಟ. “ಅಯ್ಯೋ, ಹೌದಲ್ಲ” ಅಂದ. “ಬಾಗಿಲು ಹಾಕು ಅಂದ್ರೆ ಮುಚ್ಚು, ದೀಪ ಹಾಕು ಅಂದ್ರೆ ಹಚ್ಚು. ಇಷ್ಟು ವರ್ಷ ಈ ಬಾಯ್ಲರ್ ಹೇಗೆ ಸಿಡೀಲಿಲ್ಲ ಅಂತೀನಿ.”

“ನೀವು ಏನು ಮಾಡ್ತಿದ್ರಿ?”

“ಕೂಗಿದವರ ಮುಖ ನೋಡ್ತಿದ್ದೆ. ಬೆವರ್ತಿದ್ರೆ ಮುಚ್ತಿದ್ದೆ, ಬಯ್ತಿದ್ರೆ ತೆಗೀತಿದ್ದೆ.”

ಇಬ್ಬರೂ ಸೇರಿ ರೋಲರ್‌ಗೆ ಮಾತು ಕಟ್ಟಿದರು. ರೋಲರ್ ಹತ್ತಿರ ‘ಆಯ್ತು’ ಅನ್ನುವಂತಿಲ್ಲ. ‘ಹಾಕು’, ‘ತೆಗಿ’, ‘ಬಿಡು’ ಕೂಡ ಇಲ್ಲ. ಮಡಿಸುವವಳು ಕೈ ಹಾಕುವ ಮೊದಲು ‘ಕೈ ಒಳಗೆ’ ಅಂತ ಕೂಗಬೇಕು, ಸ್ವಿಚ್‌ನವಳು ‘ಕೈ ಒಳಗೆ’ ಅಂತಲೇ ಮರುಕೂಗಬೇಕು. ತೆಗೆದ ಮೇಲೆ ‘ಕೈ ಹೊರಗೆ’, ಅದಕ್ಕೂ ಮರುಕೂಗು. ಸೂಪರ್‌ವೈಸರ್ ಮೊದಲು ನಕ್ಕ. ಆದರೆ ಒಮ್ಮೆ ಎಚ್ಚರಿಕೆ ಪಡೆದಿದ್ದವನು, ಬೇಡ ಅನ್ನಲಿಲ್ಲ.

ಹೆಂಗಸರಿಗೆ ಒಳ್ಳೆಯ ಆಟ ಸಿಕ್ಕಿತು. ಊಟದ ಹೊತ್ತಿಗೆ ಒಬ್ಬಳು ಪಕ್ಕದವಳ ಡಬ್ಬಿಗೆ ಕೈ ಹಾಕುತ್ತ “ಕೈ ಒಳಗೆ” ಅನ್ನುವುದು, ಡಬ್ಬಿಯವಳು ಅದರ ಮೇಲೆ ಪಟ್ಟಂತ ಹೊಡೆದು “ಕೈ ಹೊರಗೆ” ಅನ್ನುವುದು. ಸಂಬಳದ ದಿನ ಸೂಪರ್‌ವೈಸರ್ ಜೇಬಿಗೆ ಕೈ ಹಾಕಿದರೂ ಹಿಂದಿನಿಂದ ಯಾರೋ “ಕೈ ಒಳಗೆ” ಅನ್ನುತ್ತಿದ್ದರು. ‘ಅಂದ್ರೆ ಅಕ್ಕ’ ಅನ್ನುವ ಹೆಸರು ನಿಂತದ್ದೂ ಆಗಲೇ. ಅತ್ತೆ ಬೇಸರಪಡಲಿಲ್ಲ. ನಕ್ಕರೂ ಸರಿ, ಮಾತು ಬಾಯಲ್ಲಿ ಕೂತರೆ ಸಾಕು ಅಂದುಕೊಂಡಿದ್ದಳು.

ಕೂತದ್ದೇ ತೊಂದರೆಯಾಯಿತು. ವರ್ಷ ಉರುಳುವಷ್ಟರಲ್ಲಿ ಆ ಕೂಗು ಉಸಿರಾಡಿದ ಹಾಗೆ ತಾನಾಗಿ ಬರತೊಡಗಿತು. ಅಡ್ಡಪಟ್ಟಿಯನ್ನು ಮತ್ತೆ ಯಾರೋ ಮೇಲೆತ್ತಿ ಕಟ್ಟಿದರು. ದಪ್ಪ ಕಂಬಳಿಗಳ ಕಾಟ ತಡೆಯಲಾಗದೆ. ಅಷ್ಟರಲ್ಲಿ ಅತ್ತೆ ಹಳಬಳಾಗಿದ್ದಳು. ಹೊಸಬರಿಗೆ ಕಲಿಸುವ ಕೆಲಸ ಅವಳದೇ ಆದದ್ದರಿಂದ ಸ್ವಿಚ್ ಕಡೆಗೆ ಮರಳಲೇಬೇಕಾಯಿತು.

ಹೊಸಬಳೊಬ್ಬಳು ಬಂದಿದ್ದಳು, ಮೂರು ಮಕ್ಕಳ ತಾಯಿ. ತುಂಬ ಚುರುಕು. ಎಲ್ಲ ಕೂಗುಗಳನ್ನೂ ಒಂದೇ ದಿನಕ್ಕೆ ಕಲಿತಳು. ಒಂದು ಮಧ್ಯಾಹ್ನ ದಿಂಬಿನ ಕವರೊಂದು ಒಳಗೆ ಸಿಕ್ಕಿಕೊಂಡಿತು. ಅತ್ತೆ ಸ್ವಿಚ್ ಆರಿಸಿದಳು. “ಕೈ ಒಳಗೆ” ಅಂತ ಕೂಗು ಬಂತು. ಅತ್ತೆ ಮರುಕೂಗಿದಳು. ಸ್ವಲ್ಪ ಹೊತ್ತಿಗೆ “ಕೈ ಹೊರಗೆ” ಅಂತ ಬಂತು. ಅತ್ತೆ ಅದನ್ನೂ ಮರುಕೂಗಿದಳು, ಬೆರಳನ್ನು ಸ್ವಿಚ್ ಮೇಲೆ ಇಟ್ಟಳು. ಒತ್ತಲಾಗಲಿಲ್ಲ. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ‘ಅಂದ್ರೆ?’ ಅಂತ ಕೇಳಿ ಕೇಳಿ ಅಭ್ಯಾಸವಾಗಿದ್ದ ನಾಲಿಗೆ ತಾನಾಗಿ ಹೊರಳಿತು.

“ಯಾವ ಕೈ ಹೊರಗೆ?” ಅಂತ ಕೂಗಿದಳು.

ಉತ್ತರ ಬರಲಿಲ್ಲ.

ಅತ್ತೆ ಮಷಿನ್ ಸುತ್ತಿಕೊಂಡು ಆ ಪಕ್ಕ ಹೋದಳು. ಹೊಸಬಳ ಎಡಗೈ ಹೊರಗಿತ್ತು. ಬಲಗೈ ಮೊಣಕೈವರೆಗೂ ಒಳಗಿತ್ತು.

“ಹೊರಗೆ ಅಂದ್ಯಲ್ಲಮ್ಮಾ.”

“ಇನ್ನೇನು ಬಂತು ಅಕ್ಕ, ತುದಿ ಸಿಕ್ಕಿತ್ತು. ನೀವು ಕಾಯ್ತಿದ್ದೀರಿ ಅಂತ ಮೊದಲೇ ಹೇಳಿಬಿಟ್ಟೆ.”

“ಕೈ ತೆಗಿ” ಅಂದಳು ಅತ್ತೆ. ತಾನೇ ನಿಷೇಧಿಸಿದ್ದ ಮಾತು. ಹೊಸಬಳು ಕೈ ತೆಗೆದಳು. ಅತ್ತೆ ಅಲ್ಲೇ, ಮಡಿಸಿದ ಶೀಟುಗಳ ರಾಶಿಯ ಮೇಲೆ ಕೂತುಬಿಟ್ಟಳು. ಯಾರೋ ನೀರು ತಂದುಕೊಟ್ಟರು. ಬಾಯ್ಲರ್ ತಾತ ಬಂದು ಪಕ್ಕದಲ್ಲಿ ನಿಂತ. “ಯಾವ ಮಾತು ಕಟ್ಟಿದ್ರೂ ಅಷ್ಟೇ ತಾತ” ಅಂದಳು. “ಬಾಯಿ ಮುಂದೆ ಓಡತ್ತೆ, ಕೈ ಹಿಂದೆ ಉಳಿಯತ್ತೆ.”

ಮನೆಗೆ ಬಂದವಳು ಟೀ ಕುಡಿಯಲಿಲ್ಲ. ಅಮ್ಮ ಬಟ್ಟೆ ಕೋಣೆಯಿಂದ ಆಗಲೇ ಬಂದು ಎಡಗೈಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಇಬ್ಬರ ನಡುವೆ ಆಗ ಬೇಕಾದಷ್ಟೇ ಮಾತು. ಬ್ರೆಡ್ಡು, ಮಾತ್ರೆ, ನನ್ನ ಶಾಲೆ. ಆ ಕೈಯ ವಿಷಯ ಊಟದ ಆ ಸಂಜೆಯ ಮೇಲೆ ಎತ್ತಿರಲೇ ಇಲ್ಲ. ಅತ್ತೆ ಆ ದಿನ ನಡೆದದ್ದನ್ನು ಪೂರ್ತಿ ಹೇಳಿದಳು. ಹೊಸಬಳ ಕೈ ಎಲ್ಲಿಯವರೆಗೆ ಒಳಗಿತ್ತು ಅಂತ ತನ್ನ ಮೊಣಕೈ ಮುಟ್ಟಿ ತೋರಿಸಿದಳು.

ಅಮ್ಮ ಬಟಾಣಿ ಬಿಡಿಸುವುದು ನಿಲ್ಲಿಸಲಿಲ್ಲ.

“ನೀನು ಒತ್ತಲಿಲ್ಲವಲ್ಲ” ಅಂದಳು.

“ಇವತ್ತು ಒತ್ತಲಿಲ್ಲ. ನಾಳೆ? ನಾನಿಲ್ಲದ ದಿನ? ಎಲ್ಲ ನನ್ನಿಂದಲೇ ಅತ್ತಿಗೆ. ಅವತ್ತೂ ನನ್ನಿಂದಲೇ, ಇವತ್ತೂ ನಾನು ಕಲಿಸಿದ ಮಾತಿಂದಲೇ.”

ಅಮ್ಮ ಹೇಳಿದಳು, “ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಪುಟ್ಟಿ.”

ಅತ್ತೆ ತಲೆ ಎತ್ತಿದಳು. ಅವಳು ‘ಅಂದ್ರೆ?’ ಅಂತ ಕೇಳದೆ ಇದ್ದದ್ದನ್ನು ನಾನು ಗಮನಿಸಿದ್ದು ಆ ಒಂದು ಸಲವೇ. ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತು, ಎರಡೂ ಕೈ ತಲೆಯ ಮೇಲೆತ್ತಿ ಒಂದು ಚಪ್ಪಾಳೆ ಹೊಡೆದಳು. ಅಜ್ಜಿ ಬೆಚ್ಚಿಬಿದ್ದು, “ಇವಳಿಗೇನು ಗಾಳಿ ಹಿಡೀತಾ?” ಅಂದಳು.

ಮಾರನೆಯ ದಿನದಿಂದ ರೋಲರ್ ಹತ್ತಿರ ಮಾತೇ ಇಲ್ಲ. ಮಡಿಸುವವಳು ಕೆಲಸ ಮುಗಿದ ಮೇಲೆ ಎರಡೂ ಕೈಗಳನ್ನು ಮುಚ್ಚಳಕ್ಕಿಂತ ಮೇಲೆತ್ತಿ ಚಪ್ಪಾಳೆ ಹೊಡೆಯಬೇಕು. ಸ್ವಿಚ್‌ನವಳು ಅದನ್ನು ಕಣ್ಣಾರೆ ನೋಡಿ, ತಾನೂ ಒಂದು ಹೊಡೆದು, ಆಮೇಲೆ ಒತ್ತಬೇಕು. ಹಿಂಡುವ ಮಷಿನ್ ಎಷ್ಟೇ ಅರಚಲಿ, ಕೈಗಳು ಕಾಣುತ್ತವೆ. ಕೈ ಒಳಗಿಟ್ಟುಕೊಂಡು ಏನು ಬೇಕಾದರೂ ಹೇಳಬಹುದು, ಚಪ್ಪಾಳೆ ಹೊಡೆಯಲಾಗದು. ಸೂಪರ್‌ವೈಸರ್ ಇದಕ್ಕೆ ನಗಲಿಲ್ಲ. ತಾನೇ ಆ ಪಕ್ಕ ಹೋಗಿ ಒಂದು ಕೈ ಒಳಗಿಟ್ಟು ಪ್ರಯತ್ನಿಸಿದ. “ಆಗಲ್ಲ” ಅಂದ. ಹೆಂಗಸರು ಮೊದಲ ವಾರ ನಾಟಕ ಮುಗಿದ ಹಾಗೆ ಕೇಕೆ ಹಾಕಿ ಚಪ್ಪಾಳೆ ಹೊಡೆದರು. ಆಮೇಲೆ ಅದೂ ರೂಢಿಯಾಯಿತು. ರೂಢಿಯಾದರೂ ಕೈ ಹೊರಗೇ ಇರಬೇಕಿತ್ತು.

ಅತ್ತೆ ಇದನ್ನು ಅಮ್ಮನಿಗೆ ಹೇಳಲು ಬಟ್ಟೆ ಕೋಣೆಗೇ ಹೋದಳಂತೆ. ಆ ಮಾತುಕತೆಯನ್ನು ಅಮ್ಮ ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ. ಅಮ್ಮ ಕಿಟಕಿಯಲ್ಲಿ ಕೂತು ಒಬ್ಬ ನರ್ಸ್‌ಗೆ ಶೀಟು ಕೊಡುತ್ತಿದ್ದಳು. ನರ್ಸ್ ಹೋದ ಮೇಲೆ ಅತ್ತೆ ಮುಂದೆ ಬಂದಳು.

“ನೀವು ಹೇಳಿದ ಉಪಾಯ ಕೆಲಸ ಮಾಡ್ತು ಅತ್ತಿಗೆ.”

“ನಾನು ಯಾವ ಉಪಾಯ ಹೇಳಿದೆ?”

“ಚಪ್ಪಾಳೆ. ಒಂದು ಕೈಯಲ್ಲಿ ಆಗಲ್ಲ ಅಂದ್ರಲ್ಲ.”

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳಿಗೆ ನಗು ಬಂತು, ತಡೆದುಕೊಂಡಳು. “ಅಯ್ಯೋ ಪುಟ್ಟಿ, ನಾನು ಅದನ್ನ ಹೇಳಲಿಲ್ಲ. ಮಷಿನ್ ವಿಷಯಕ್ಕೇ ಹೇಳಲಿಲ್ಲ.”

“ಮತ್ತೆ? ಅಂದ್ರೆ?”

“ಎಲ್ಲ ನನ್ನಿಂದಲೇ ಅಂತ ನೀನು ಗೋಳಾಡ್ತಿದ್ದೆ. ಅದಕ್ಕೆ ಹೇಳಿದೆ. ನೀನು ಕೇಳಿದೆ, ನಾನು ಸರಿಯಾಗಿ ಕೇಳಿಸ್ಕೊಳ್ದೆ ಆಯ್ತು ಅಂದೆ. ತಪ್ಪು ಇಬ್ಬರದೂ ಅಂತ.”

ಅತ್ತೆ ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತಿದ್ದಳು. “ಅಂದ್ರೆ, ನೀವು ನನ್ನನ್ನ ಕ್ಷಮಿಸಿದ್ದೀರಾ?”

“ಕ್ಷಮಿಸಿದೀನಿ ಅಂತ ನಾನೆಲ್ಲಂದೆ? ಇಬ್ಬರದೂ ಅಂದೆ. ಅಷ್ಟೇ. ಅದಕ್ಕಿಂತ ಹೆಚ್ಚು ಅರ್ಥ ಮಾಡ್ಕೋಬೇಡ.”

“ಸರಿ” ಅಂದಳು ಅತ್ತೆ.

“ಅದಕ್ಕಿಂತ ಕಮ್ಮೀನೂ ಮಾಡ್ಕೋಬೇಡ” ಅಂದಳು ಅಮ್ಮ.

ಅಂದು ಸಂಜೆ ಇಬ್ಬರೂ ಒಟ್ಟಿಗೆ ನಡೆದು ಮನೆಗೆ ಬಂದರು. ಎಷ್ಟೋ ಕಾಲವಾದ ಮೇಲೆ ಮೆಟ್ಟಿಲಿನಿಂದಲೇ ಅವರ ಗಟ್ಟಿ ಮಾತು ಕೇಳಿಸಿತು. ತರಕಾರಿಯವನು ಕೊಟ್ಟ ಹಣ್ಣು ಕೊಳೆತಿದೆಯೋ ಹಣ್ಣಾಗಿದೆಯೋ ಅಂತ ಜಗಳ. ಅಪ್ಪ ಪೇಪರ್ ಕೆಳಗಿಟ್ಟು ಬಾಗಿಲು ತೆಗೆದ. ಅಂದೇನೂ ಅವನು ತಂಗಿಯ ಜೊತೆ ಮಾತಾಡಲಿಲ್ಲ. ಅವನಿಗೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ನನ್ನನ್ನು ನಡುವೆ ತರದೆ, “ಪುಟ್ಟಿ, ನನ್ನ ಛತ್ರಿ ಎಲ್ಲಿ?” ಅಂದ. ಅತ್ತೆ ತಂದುಕೊಟ್ಟಳು. ಅವನು ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಗೋಡೆಗೆ ತಿರುಗಿ ನಿಂತಿದ್ದಳು. ಅಜ್ಜಿ ಅವಳ ಬೆನ್ನು ಸವರಿದಳು.

ಅತ್ತೆ ಆ ಲಾಂಡ್ರಿಯಲ್ಲೇ ಕೆಲಸದ ವಯಸ್ಸು ಮುಗಿಯುವವರೆಗೂ ಇದ್ದಳು. ಆಮೇಲಾಮೇಲೆ ಹೊಸ ರೋಲರ್ ಬಂತು. ಅದರ ಮುಚ್ಚಳ ತಗ್ಗು, ಎರಡೂ ಕಡೆ ಸ್ವಿಚ್, ಕಟ್ಟಿಹಾಕಲಾಗದ ಪಟ್ಟಿ. ಚಪ್ಪಾಳೆ ಬೇಕಿರಲಿಲ್ಲ. ಹಳಬರು ಕೆಲವು ದಿನ ಹೊಡೆದರು, ಆಮೇಲೆ ಬಿಟ್ಟರು. ಅತ್ತೆಗೆ ಅದರಿಂದ ಬೇಸರವೇನೂ ಆಗಲಿಲ್ಲ. “ಕೈ ಉಳೀಬೇಕಿತ್ತು, ಉಳೀತು. ಚಪ್ಪಾಳೆ ಇಟ್ಕೊಂಡು ಏನು ಮಾಡೋದು?” ಅಂದಳು.

ಆ ಹೊಸಬಳು ಈಗ ಅಲ್ಲಿ ಸೂಪರ್‌ವೈಸರ್. ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಟ್ಟ ಮೇಲೆ ‘ಗೊತ್ತಾಯ್ತಾ?’ ಅಂತ ಕೇಳುವುದಿಲ್ಲವಂತೆ. “ನಾನೇನು ಹೇಳಿದೆ, ನೀನೊಂದು ಸಲ ಹೇಳು” ಅನ್ನುತ್ತಾಳಂತೆ. ಇದನ್ನು ನನಗೆ ಹೇಳಿದವಳು ಅಮ್ಮ. ಅವಳು ಹೇಳುವಾಗ ಅತ್ತೆ ಪಕ್ಕದಲ್ಲೇ ಕೂತು ಅಮ್ಮನ ಬಲಗೈಗೆ ಎಣ್ಣೆ ತೀಡುತ್ತಿದ್ದಳು. ಚಳಿಗೆ ಆ ಕೈ ಈಗಲೂ ಬಿಗಿಯುತ್ತದೆ.

“ಜೋರಾಗಿ ಒತ್ತಲಾ?” ಅಂತ ಅತ್ತೆ ಕೇಳಿದಳು.

“ಹೆಬ್ಬೆರಳಿನ ಬುಡದಲ್ಲಿ ಜೋರಾಗಿ. ಗಾಯದ ಮೇಲೆ ಮೆತ್ತಗೆ” ಅಂದಳು ಅಮ್ಮ.